ಮರಗಸಿಯಲ್ಲಿ ಕ್ರಾಂತಿ ಕಂಡವರಿಗೆ

ಬಾಳೂರು,
೧೯೪೦ನೇ ಇಸವಿ, ಮೇ ತಿಂಗಳ ಕೊನೆ

ಮಾನ್ಯರೇ,

'ಗಿರಿಘೋಷ' ವಾರಪತ್ರಿಕೆಯ ಸಂಪಾದಕರೂ, ಅದರ ಮೊದಲ ಪುಟದ ರಾಜಕೀಯ ವಿಮರ್ಶಕರೂ, ಹುಟ್ಟಿದಾರಭ್ಯ ಒಮ್ಮೆಯೂ ತಪ್ಪು ಮಾಡದವರೂ ಆದ ಶ್ರೀಮಾನ್ ಚಂದ್ರಶೇಖರಪ್ಪನವರ ಸನ್ನಿಧಾನಕ್ಕೆ, ಬಾಳೂರಿನಲ್ಲಿ ಒಂದು ಚಿಕ್ಕ ಕಾಫಿ ತೋಟ ಇಟ್ಟುಕೊಂಡಿರುವ ಶಂಕರಮ್ಮ ಮಾಡುವ ಅನೇಕ ನಮಸ್ಕಾರಗಳು. ಇತ್ತ ನಾವು ಕ್ಷೇಮವಾಗಿಲ್ಲ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ, ಅದು ಪ್ರತಿ ವಾರವೂ ಅಚ್ಚಾಗಿ ಬರುತ್ತಿದೆ. ಈ ಪತ್ರಕ್ಕೆ ತಮ್ಮ ಪತ್ರಿಕೆಯಲ್ಲಿ ಜಾಗ ಸಿಗದೆಂದು ತಿಳಿದೇ ಇದರ ಒಂದು ಪ್ರತಿಯನ್ನು ಕೊಟ್ಟಿಗೆಹಾರದ ಹೋಟೆಲಿನ ಗೋಡೆಗೆ ಅಂಟಿಸಲು ಕಳಿಸಿದ್ದೇನೆ. ಘಟ್ಟ ಹತ್ತಿ ಇಳಿಯುವವರು ಕಾಫಿ ಕುಡಿಯುತ್ತ ಓದಿಕೊಳ್ಳಲಿ.

ತಾವು ಭಾಷಣಕ್ಕೆಂದು ಕಳಸಕ್ಕೆ ಹೊರಟಿದ್ದಾಗ, ಎಂಜಿನ್ನಿಗೆ ನೀರು ಹಾಕಲು ಬಸ್ಸು ನಮ್ಮ ತೋಟದ ಪಕ್ಕ ನಿಂತಿತು. ಆಗ ನಮ್ಮ ಆಳು ಗಿಡ್ಡಪ್ಪ ಹಾಲುವಾಣದ ಮರ ಹತ್ತಿ ಮರಗಸಿ ಮಾಡುತ್ತಿದ್ದ. ಮಳೆ ಹಿಡಿಯುವ ಮುಂಚೆ ನೆರಳಿನ ಮರಗಳ ರೆಂಬೆ ಸವರಿ, ಕೆಳಗಿನ ಕಾಫಿ ಗಿಡಕ್ಕೆ ಗಾಳಿ ಬೆಳಕು ಬಿಡುವುದಕ್ಕೆ ನಾವು ಮರಗಸಿ ಅನ್ನುತ್ತೇವೆ. ಇದು ಪ್ರತಿ ವರ್ಷ ನಡೆಯುತ್ತದೆ, ಇಂಗ್ಲಿಷ್ ದೊರೆಗಳ ಎಸ್ಟೇಟಿನಲ್ಲೂ ನಡೆಯುತ್ತದೆ. ಆದರೆ ತಮಗೆ ಬಸ್ಸಿನ ಕಿಟಕಿಯಿಂದಲೇ ಬೇರೆ ಸತ್ಯ ಗೋಚರಿಸಿತು. ಬಯಲುಸೀಮೆಯಲ್ಲಿ ಸರ್ಕಾರಕ್ಕೆ ಹೆಂಡದ ವರಮಾನ ತಪ್ಪಿಸಲು ಈಚಲು ಮರ ಕಡಿದ ಸತ್ಯಾಗ್ರಹವು ಈಗ ಬಾಳೂರಿನ ಗುಡ್ಡ ಹತ್ತಿದೆಯೆಂದು ಬರೆದಿರಿ. ಚಗಳಿ ಇರುವೆ ಕೂದಲಿಗೆ ಇಳಿಯದಿರಲೆಂದು ಗಿಡ್ಡಪ್ಪ ತಲೆಗೆ ಸುತ್ತಿದ್ದ ಕೆಂಪು ವಸ್ತ್ರ ಕ್ರಾಂತಿಯ ಬಾವುಟವಾಯಿತು. ಇಷ್ಟಾದರೂ ಅಂಗಿಯೊಳಗೆ ಹೊಕ್ಕ ಇರುವೆ ಕಚ್ಚಿದಾಗ ಅವನು ಎದೆ ಬಡಿದುಕೊಂಡದ್ದು, ದೇಶಕ್ಕಾಗಿ ಪ್ರಾಣ ಕೊಡುವ ಪ್ರತಿಜ್ಞೆಯಾಯಿತು. ಕೆಳಗಿಳಿದು ಒಂದು ಮಾತು ವಿಚಾರಿಸುವ ಶ್ರಮವನ್ನು ತಾವು ತೆಗೆದುಕೊಳ್ಳಲಿಲ್ಲ. ಕಂಡಕ್ಟರನಿಂದ ಅವನ ಹೆಸರನ್ನು ಮಾತ್ರ ಕೇಳಿಕೊಂಡು, 'ಬಂಡಾಯದ ಮುಖಂಡ' ಎಂಬ ಬಿರುದು ಸೇರಿಸಿ ದಪ್ಪಕ್ಷರದಲ್ಲಿ ಹಾಕಿದಿರಿ.

ತಮ್ಮ ಬರಹಕ್ಕೆ ಓದುಗರಿಲ್ಲವೆಂದು ಯಾರಾದರೂ ಅಂದರೆ ನಂಬಬೇಡಿ, ಪೊಲೀಸರು ಓದುತ್ತಾರೆ. ಅವರು ಬಂದು ಗಿಡ್ಡಪ್ಪನನ್ನು ಮರದಿಂದ ಇಳಿಸಿ ಕರೆದುಕೊಂಡು ಹೋದರು. ನಾನೇ ಠಾಣೆಗೆ ಹೋಗಿ, ಮರ ನನ್ನದು, ಕತ್ತಿ ನನ್ನದು, ಹತ್ತಲು ಹೇಳಿದವಳೂ ನಾನೇ ಎಂದೆ. ಇನ್‌ಸ್ಪೆಕ್ಟರು ಮರ್ಯಾದೆಯಿಂದಲೇ ಕೂರಿಸಿ ಮಾತಾಡಿದರು. ತೋಟದವರು ತಮ್ಮ ಆಳನ್ನು ಬಿಡಿಸಿಕೊಳ್ಳಲು ಏನಾದರೂ ಹೇಳುತ್ತಾರೆಂದು ಮೇಲಿನವರು ಭಾವಿಸುತ್ತಾರಂತೆ, ಅವರ ಮೇಜಿನ ಮೇಲೆ ಪತ್ರಿಕೆ ಇದೆಯಂತೆ, ಬರೆದವರೇ ತಪ್ಪಾಯಿತೆಂದು ಒಂದು ಸಾಲು ಹಾಕಿದರೆ ಆ ದಿನವೇ ಬಿಡುತ್ತಾರಂತೆ. ಒಂದು ಸಾಲು ತಾನೇ ಎಂದು ನಾನು ಸಮಾಧಾನದಿಂದ ಮನೆಗೆ ಬಂದೆ. ತಮ್ಮನ್ನು ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ನಾನು ಮರಗಸಿಯೆಂದರೇನೆಂದು ವಿವರಿಸಿ ಬರೆದುದಕ್ಕೆ ಉತ್ತರವಾಗಿ ತಾವು ಮುಂದಿನ ಸಂಚಿಕೆಯಲ್ಲಿ, 'ಮರಗಸಿ' ಎಂಬುದು ಬಂಡುಕೋರರ ಗುಪ್ತ ಸಂಕೇತವೆಂದು ಹೊರಗೆಡಹಿದಿರಿ. ವರ್ಷವರ್ಷವೂ ಮರಗಸಿ ಮಾಡಿಸುತ್ತಿದ್ದ ನಮ್ಮಜ್ಜ ಕೂಡ ಆ ಸಂಚಿನಲ್ಲಿದ್ದನೆಂದು ನನಗೆ ತಿಳಿದದ್ದು ಹೀಗೆ. ಅದರ ಮುಂದಿನ ವಾರ, ಬಾಳೂರಿನಲ್ಲಿ ಈಗ ಒಂದು ರೆಂಬೆಯೂ ಬೀಳುತ್ತಿಲ್ಲವೆಂದೂ ತಮ್ಮ ಲೇಖನಿಯೇ ಮಲೆನಾಡನ್ನು ಬಂಡಾಯದಿಂದ ಉಳಿಸಿತೆಂದೂ ಬರೆದುಕೊಂಡಿರಿ. ನಿಜ ಸ್ವಾಮಿ, ಬೀಳುತ್ತಿಲ್ಲ. ಹತ್ತುವವನನ್ನು ಲಾಕಪ್ಪಿನಲ್ಲಿ ಇಟ್ಟಮೇಲೆ ರೆಂಬೆ ತಾನಾಗಿ ಬಿದ್ದೀತೇ? ಸುಳ್ಳು ಹೇಳಿ, ಆ ಸುಳ್ಳಿನಿಂದಾದ ಅನಾಹುತವನ್ನೇ ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸುವ ತಮ್ಮ ಜಾಣತನ ಕಂಡು ನನಗೆ ಮೈ ಉರಿಯುತ್ತದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಅರ್ಧ ತೋಟದ ಮರಗಸಿ ಹಾಗೇ ನಿಂತಿದೆ, ಮೋಡ ಆಗಲೇ ಗುಡ್ಡದ ಮೇಲೆ ಕೂತಿದೆ, ಹೀಗೇ ಬಿಟ್ಟರೆ ಗಿಡಕ್ಕೆ ಕೊಳೆರೋಗ ಖಂಡಿತ. ತಾವು ದಯಮಾಡಿ ಒಂದು ಸಂಪಾದಕೀಯ ಬರೆದು ಮುಂಗಾರನ್ನು ಚಾರ್ಮಾಡಿ ಘಟ್ಟದ ಕೆಳಗೇ ತಡೆದು ನಿಲ್ಲಿಸಬೇಕು. ಅದು ಕೇಳದಿದ್ದರೆ, ಮಳೆಯೇ ಬಂದಿಲ್ಲವೆಂದು ಬರೆಯಬಹುದು. ಚಗಳಿ ಇರುವೆಗಳಿಗೂ ರಾಜದ್ರೋಹದ ಆರೋಪ ಹೊರಿಸಿ ನೋಟೀಸು ಕೊಡಿಸಬೇಕು, ಆ ಪ್ರತಿಜ್ಞೆಗೆ ಮೂಲಪ್ರೇರಣೆ ಅವುಗಳದ್ದೇ. ಇವು ಯಾವುವೂ ಆಗದಿದ್ದರೆ ತಾವೇ ಬಂದು ಮರ ಹತ್ತಬೇಕು. ಎತ್ತರದಲ್ಲಿ ಕೂತು ಕೆಳಗಿನವರ ಬಗ್ಗೆ ಮಾತಾಡುವುದು ತಮಗೆ ಅಭ್ಯಾಸವಿರುವ ಕೆಲಸ.

ಗಿಡ್ಡಪ್ಪನ ಹೆಂಡತಿ ಮುದ್ದಮ್ಮ ಬಸುರಿ. ಮೊನ್ನೆ ಅವಳನ್ನು ಕರೆದುಕೊಂಡು ಠಾಣೆಗೆ ಹೋಗಿದ್ದೆ. ಕಾನ್‌ಸ್ಟೇಬಲೊಬ್ಬರು ತಾವು ಬರೆದ ಲೇಖನಗಳನ್ನು ಅವನಿಗೆ ಓದಿ ಹೇಳಿದ್ದರಂತೆ. ಅವನು ತಮ್ಮನ್ನು ಬಯ್ಯುತ್ತಾನೆಂದು ನಾನು ಕಾದೆ, ಬಯ್ಯಲೆಂದು ಆಸೆಯೂ ಇತ್ತು. ಅವನು ಕಂಬಿ ಹಿಡಿದು ನಿಂತು, "ಬರ್ದೋರು ನನ್ನ ಒಂದ್ಸಲನಾದ್ರೂ ಮಾತಾಡ್ಸಿದಾರಾ ಅಮ್ಮಾ? ನಂಗೆ ನೆನಪಾಗ್ತಿಲ್ಲ" ಅಂದ. ತಪ್ಪು ತನ್ನ ನೆನಪಿನದ್ದೇ ಇರಬಹುದೆಂದು ಅವನು ಸಂಕೋಚಪಡುತ್ತಿದ್ದ. ನನಗೆ ಅಲ್ಲೇ ಅಳು ಬಂತು. ತಪ್ಪು ತನ್ನದಿರಬಹುದೆಂದು ಯೋಚಿಸುವವನು ಒಳಗೆ ಇದ್ದಾನೆ, ಯೋಚಿಸಲಾರದವರು ಹೊರಗೆ ಕೂತು ದೇಶಕ್ಕೆ ಬುದ್ಧಿ ಹೇಳುತ್ತಿದ್ದಾರೆ.

ತಮ್ಮಿಂದ ದಂಡ ಬೇಡ, ದೊಡ್ಡ ಕ್ಷಮಾಪಣೆಯೂ ಬೇಡ. 'ನಾನು ನೋಡಿದ್ದು ಮರಗಸಿ, ನಾನು ಬರೆದದ್ದು ತಪ್ಪು.' ಇಷ್ಟು ಹಾಕಿದರೆ ಸಾಕು. ಕೂಸು ಹುಟ್ಟುವಾಗ ಅದರ ಅಪ್ಪ ಮನೆಯಲ್ಲಿರುತ್ತಾನೆ. ತಮ್ಮ ಘನತೆ ಒಂದು ಸಾಲಿಗೆ ಮುರಿದುಬೀಳುವಷ್ಟು ಶಿಥಿಲವಾಗಿಲ್ಲವೆಂದು ನಂಬಿ ಬರೆಯುತ್ತಿರುವ,

ತಮ್ಮ ವಿಶ್ವಾಸಿ (ವಿಶ್ವಾಸ ತೀರುತ್ತ ಬಂದಿದ್ದರೂ),
ಶಂಕರಮ್ಮ

ತಾ.ಕ.: ಇದನ್ನು ಮುಗಿಸುವಷ್ಟರಲ್ಲಿ ಈ ವಾರದ 'ಗಿರಿಘೋಷ' ಬಸ್ಸಿನಲ್ಲಿ ಬಂತು. ಮೊದಲ ಪುಟದಲ್ಲೇ, ಚೌಕಟ್ಟಿನೊಳಗೆ, 'ನಮ್ಮ ತಪ್ಪೊಪ್ಪಿಗೆ' ಎಂಬ ತಲೆಬರಹ ಕಂಡು ಮುದ್ದಮ್ಮನನ್ನು ಕೂಗಿ ಕರೆದೆ. ಅವಳು ಕೈಕೆಲಸ ಬಿಟ್ಟು ಓಡಿ ಬಂದಳು. ಓದಿ ನೋಡಿದರೆ, ಹೋದ ವಾರದ ಜಾಹೀರಾತಿನಲ್ಲಿ ಕೇಶತೈಲದ ಅಂಗಡಿ ಮಾರ್ಕೆಟ್ ರಸ್ತೆಯಲ್ಲಿದೆಯೆಂದು ಅಚ್ಚಾಗಿತ್ತಂತೆ, ಅದು ನಿಜವಾಗಿ ಬಸ್ ಸ್ಟ್ಯಾಂಡಿನ ಹಿಂದಿದೆಯಂತೆ, ಇದರಿಂದ ತಮಗೆ ತೀವ್ರ ಮನೋವೇದನೆಯಾಗಿದೆಯಂತೆ. ಕ್ಷಮೆ ಕೇಳಲು ಬೇಕಾದ ಅಕ್ಷರಗಳೆಲ್ಲ ತಮ್ಮ ಅಚ್ಚುಕೂಟದಲ್ಲಿ ಇವೆಯೆಂದು ಹೀಗೆ ಗೊತ್ತಾಯಿತು. ಗಿಡ್ಡಪ್ಪ ಜಾಹೀರಾತು ಕೊಡುವವನಲ್ಲ, ಅದೊಂದೇ ಅವನ ಅಪರಾಧ. ಓದಿ ಹೇಳಿದ ಮೇಲೆ ಮುದ್ದಮ್ಮ ಬಿಟ್ಟು ಬಂದ ಕೆಲಸಕ್ಕೆ ಒಳಗೆ ಹೋದಳು.