ಉದ್ದಿಮೆಗೆ ನಾನು ಕೊಟ್ಟ ಉತ್ತೇಜನ

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಸ್ವಂತ ಉದ್ದಿಮೆ ಶುರು ಮಾಡುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಬ್ಯಾನರ್ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತುತ್ತೇನೆ. ಮಾರುಕಟ್ಟೆ, ಪೈಪೋಟಿ, ಪ್ರಜಾಪ್ರಭುತ್ವ ಎಂದು ಗಂಟಲು ಹರಿದುಕೊಂಡು ಸಂಜೆ ವಾಪಸ್ ಬಸ್ಸಿಗೆ ಕಾಯುತ್ತೇನೆ. ಮುಂದೆ ಹೇಳುವಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಮೊದಲೆಲ್ಲ ಕೇಳಿಕೊಳ್ಳುತ್ತಿದ್ದೆ. ಈಗ ಕೇಳಿಕೊಳ್ಳುವುದಕ್ಕೂ ಸುಸ್ತು.

ಪೈಪೋಟಿ

ಬಳ್ಳಿಗಾವಿ ಕಡೆಯ ಊರೊಂದರಲ್ಲಿ ಒಬ್ಬರೇ ಒಬ್ಬ ಹೆಂಗಸು ಜೋಳದ ರೊಟ್ಟಿ ಮಾರುತ್ತಿದ್ದರು. "ಒಬ್ಬರೇ ಇದ್ರೆ ಸಾಲದು, ಪೈಪೋಟಿ ಇದ್ರೆ ಗುಣಮಟ್ಟ ಏರುತ್ತೆ" ಎಂದು ಬೀದಿಯವರನ್ನೆಲ್ಲ ಹುರಿದುಂಬಿಸಿ ಬಂದೆ. ಮುಂದಿನ ಸಲ ಹೋದರೆ ಮನೆಮನೆಗೂ ರೊಟ್ಟಿ ಬೋರ್ಡು! ಮೊದಲ ಬೋರ್ಡಿನ ಮನೆಯಾಕೆಯ ಹತ್ತಿರ ಹೋದೆ.

"ಇಷ್ಟು ರೊಟ್ಟಿ ಯಾರು ತಗೊಂತಾರ್ರೀ?" ಎಂದೆ.

"ನಾವ ತಗೊಂತೀವಿ ಸರ್. ನಾನು ಅವರ ಮನೇದು, ಅವರು ನಮ್ಮನೇದು."

"ಮತ್ತೆ ಲಾಭ?"

"ಲಾಭ ಇಲ್ರೀ. ಗುಣಮಟ್ಟ ಮಾತ್ರ ಭಾಳ ಏರೈತಿ."

ಚುನಾವಣೆ

ಸೊರಬದ ಉಳವಿ ಕಡೆ ರೈತರೇ ಸೇರಿ ಕಂಪನಿ ಮಾಡಿದ್ದರು. ಅಧ್ಯಕ್ಷರನ್ನು ನೀವೇ ಆರಿಸಬೇಕು, ಯಾರ ಒತ್ತಡವೂ ಇರಬಾರದು ಎಂದು ಉಪದೇಶ ಮಾಡಿದೆ. ಅವರು ಒಮ್ಮತದಿಂದ, ಆ ದಿನ ಸಭೆಗೇ ಬಾರದವರೊಬ್ಬರನ್ನು ಆರಿಸಿಬಿಟ್ಟರು.

"ಬರದೇ ಇದ್ದೋರನ್ನ ಯಾಕೆ ಆರಿಸಿದ್ರಿ?"

"ಬಂದಿದ್ರೆ ಅವ್ರು ಬ್ಯಾಡ ಅಂತಿದ್ರಲ್ಲ ಮಾರಾಯ್ರೇ!"

ಖಜಾಂಚಿಯ ಆಯ್ಕೆ ಮುಂದಿನ ಸಭೆಗೆ ಉಳಿಯಿತು. ಆ ಸಭೆಗೆ ಕೂತುಕೊಳ್ಳಲು ಜಾಗವಿರಲಿಲ್ಲ. ಜ್ವರ ಬಂದವರೂ ಕಂಬಳಿ ಹೊದ್ದು ಬಂದಿದ್ದರು.

ಅಡಚಣೆ

ನಮ್ಮ ಕಚೇರಿಗೆ ನೆರವು ಕೊಡುವ ಹೊರದೇಶದವರೊಬ್ಬರು ಪರಿಶೀಲನೆಗೆ ಬಂದರು. ಅವರು ತಲೆ ಆಡಿಸಿದರೆ ಕಚೇರಿ ಉಳಿಯುತ್ತದೆ, ಇಲ್ಲದಿದ್ದರೆ ನಾನು ಮನೆಗೆ. ಶಿಕಾರಿಪುರದ ಹತ್ತಿರ ಹಿಟ್ಟಿನ ಗಿರಣಿ ಹಾಕಿ ಗೆದ್ದ ಹೆಣ್ಣುಮಗಳೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅತಿಥಿಗಳ ಸಲುವಾಗಿ ಆಕೆ ಗಿರಣಿ ನಿಲ್ಲಿಸಿದರು. ಬೀಸಿಸಲು ಬಂದವರು ಡಬ್ಬಿ ಹಿಡಿದು ಗೋಡೆಗೊರಗಿ ಕೂತರು.

"ನಿಮ್ಮ ಉದ್ದಿಮೆಗೆ ದೊಡ್ಡ ಅಡಚಣೆ ಯಾವುದು?" ಅತಿಥಿಗಳ ಪ್ರಶ್ನೆಯನ್ನು ನಾನೇ ಕನ್ನಡದಲ್ಲಿ ಕೇಳಿದೆ.

ಆಕೆ ನನ್ನತ್ತ ಬೆರಳು ತೋರಿಸಿದರು. "ಇವರ ನೋಡ್ರೀ. ಗಿರಾಕಿ ಬರೋ ಹೊತ್ತಿಗೆ ಸರಿಯಾಗಿ ತರಬೇತಿಗೆ ಕರೀತಾರ."

ಅದನ್ನು ಇಂಗ್ಲಿಷಿಗೆ ತಿರುಗಿಸಬೇಕಾದವನೂ ನಾನೇ. ಬೆವರು ಒರೆಸಿಕೊಂಡು, "ಸಮಯದ ಅಭಾವವಂತೆ" ಎಂದೆ. ಅತಿಥಿಗಳ ಮುಖ ಅರಳಿತು. ಸಂತೋಷದಿಂದ ಏನೋ ಘೋಷಿಸಿದರು.

"ಏನಂತಾರ?" ಎಂದರು ಆಕೆ.

"ಸಮಯ ಹೊಂದಿಸಿಕೊಳ್ಳೋದು ಹೇಗೆ ಅಂತ ಇನ್ನೊಂದು ತರಬೇತಿ ಕೊಡ್ತಾರಂತೆ."

ಆಕೆ ಎದ್ದು ಸೆರಗು ಸಿಕ್ಕಿಸಿಕೊಂಡರು. ಆಗ ಗೋಡೆಗೊರಗಿದ್ದ ಮುದುಕಿಯೊಬ್ಬರು ಡಬ್ಬಿ ಮುಂದೆ ತಳ್ಳಿದರು:

"ಅಭಿವೃದ್ಧಿ ಮುಗೀತೇನವ್ವಾ? ಮುಗಿದಿದ್ರೆ ನನ್ನ ಅಕ್ಕಿ ಹಾಕು, ರೊಟ್ಟಿಗೆ ಒಲೆ ಮ್ಯಾಲೆ ಎಸರಿಟ್ಟು ಬಂದೀನಿ!"