ಮೂರನೇ ಕೋಣೆಗೆ ಬಂದ ಕಣ್ಣೀರು

ಎಲ್ಲರೂ ಮಾನಂಗ್, ಅಂದರೆ ಅಕ್ಕ, ಎನ್ನುತ್ತಿದ್ದ ಕನ್ಸೋರ್ಸಿಯಾ ತೀರಿಕೊಂಡು ಇಲೊಯ್ಲೊ ಪಟ್ಟಣದ ಶವಮಂದಿರದ ಒಂದನೇ ಕೋಣೆಯಲ್ಲಿ ಮಲಗಿದ್ದರು. ಮಗಳು ಜೋವೆಲಿನ್‌ಗೆ ಹಾಂಗ್‌ಕಾಂಗಿನ ಯಜಮಾನರು ರಜೆ ಕೊಡಲಿಲ್ಲ. ಅಮ್ಮನ ಮುಖವನ್ನು ಅವಳು ಮೊಬೈಲಿನಲ್ಲೇ ನೋಡಬೇಕು. ಆ ಚಿತ್ರವೋ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಂತೆ ಅರ್ಧಕ್ಕೇ ನಿಲ್ಲುತ್ತಿತ್ತು.

ಸಂಜೆಯ ಪ್ರಾರ್ಥನೆಯೊಳಗೆ ಸರಿಯಾಗದಿದ್ದರೆ ಪೆಟ್ಟಿಗೆ ಕಟ್ಟಿಕೋ ಎಂದು ಶವಮಂದಿರದ ಒಡತಿ ಪರ್ಪೆತುವಾ ಮೇಡಂ ಕಂಪ್ಯೂಟರ್ ನೋಡಿಕೊಳ್ಳುವ ಕ್ರಿಸಾಂತೊಗೆ ಹೇಳಿದರು. ಆ ಮಂದಿರದಲ್ಲಿ ಪೆಟ್ಟಿಗೆ ಎಂದರೆ ಎದೆ ಝಲ್ಲೆನ್ನುತ್ತದೆ.

ಹೊರಗಿನಿಂದ ಮೊಬೈಲಿನಲ್ಲಿ ನೋಡಬಂದವರನ್ನು ಆಯಾ ಕೋಣೆಯ ಕ್ಯಾಮೆರಾಕ್ಕೆ ಕಳಿಸಲು ಬಾಗಿಲು ಕಾಯುವವನಂತೆ ಒಂದು ಪ್ರಾಕ್ಸಿ ಸರ್ವರ್ ಇತ್ತು. ಅದರದು ಹಳೇ ಪ್ರೋಟೊಕಾಲ್, ಪಡಿತರದಂಗಡಿಯಂತೆ ಎಲ್ಲರನ್ನೂ ಸಾಲು ನಿಲ್ಲಿಸುತ್ತಿತ್ತು. ಕ್ರಿಸಾಂತೊ ಎಲ್ಲರನ್ನೂ ಒಟ್ಟಿಗೆ ಬಿಡುವ ಹೊಸ ಎಚ್‌ಟಿಟಿಪಿ ಕೂರಿಸಲು ಹೊರಟ. ಹೆಣಕ್ಕೆ ಬಣ್ಣ ಹಚ್ಚುವ ದೋಮಿಂಗ್ ಕೆಲಸ ಸುಸೂತ್ರವಾಗಲೆಂದು ತೀರ್ಥ ಚಿಮುಕಿಸಿ ಅರ್ಧ ಕೀಬೋರ್ಡನ್ನು ಸದ್ಗತಿಗೆ ಕಳಿಸಿದ. ಬೇರೆ ಕೀಬೋರ್ಡ್ ತಂದು, ಎಲ್ಲ ಕೋಣೆಗೂ ಒಂದೇ ಸರ್ಟಿಫಿಕೇಟ್, ಅಂದರೆ ಒಂದೇ ಗುರುತಿನ ಚೀಟಿ, ಹಾಕಿ ಕೆಲಸ ಮುಗಿಸಿದ್ದಾಯಿತು. ಪರೀಕ್ಷೆಗೆಂದು ಜೋವೆಲಿನ್‌ಗೂ ಬಂಧುಗಳಿಗೂ ಗದ್ದಲವಿಲ್ಲದ ಮೂರನೇ ಕೋಣೆಯ ಲಿಂಕ್ ಕಳಿಸಿದ. ಅಲ್ಲಿ ಹಡಗಿನಲ್ಲಿ ದುಡಿದಿದ್ದ ಯುಸ್ತಾಕಿಯೊ ಎಂಬ ಮುದುಕನ ಹೆಣ, ಪಕ್ಕದಲ್ಲಿ ಅವನ ತಂಗಿ ಮಾನಂಗ್ ಪುರಿಂಗ್, ಇಬ್ಬರೇ. ಚಿತ್ರ ನೀರಿನಂತೆ ಹರಿಯಿತು.

ಸಂಜೆ ಎಲ್ಲರೂ ಒಂದನೇ ಕೋಣೆಯ ಲಿಂಕ್ ಒತ್ತಿ ಅತ್ತರು. ಚಿತ್ರದ ಕೆಳಗೆ ‘ನಿಮ್ಮಂಥವರು ಇನ್ನು ಸಿಗಲ್ಲ’ ಎಂದು ಬರೆದರು. ಕಣ್ಣು ತುಂಬಿದ ಬಂಧುಗಳು ಮುಖ ನೋಡಲಿಲ್ಲ. ಮಗಳು ನೋಡಿದಳು, ಮಂದಿರಕ್ಕೆ ಫೋನ್ ಮಾಡಿದಳು.

“ಸಾರ್, ಚಿತ್ರ ಚೆನ್ನಾಗಿ ಬರ್ತಿದೆ. ಆದ್ರೆ ನಮ್ಮಮ್ಮನಿಗೆ ಮೀಸೆ ಯಾಕೆ ಬರೆದಿದ್ದೀರಿ?”

ಮೇಡಂ ದೋಮಿಂಗ್‌ನತ್ತ ನೋಡಿದರು. ದೋಮಿಂಗ್ ಕ್ರಿಸಾಂತೊನತ್ತ ನೋಡಿದ. ಕ್ರಿಸಾಂತೊಗೆ ಆಗ ಹೊಳೆಯಿತು: ಸರ್ಟಿಫಿಕೇಟ್ ಒಂದೇ ಆದ್ದರಿಂದ ಅವರ ಬ್ರೌಸರ್‌ಗಳು ಮೊದಲು ತೆರೆದ ಮೂರನೇ ಕೋಣೆಯ ದಾರಿಯಲ್ಲೇ ಮತ್ತೆ ನುಗ್ಗಿದ್ದವು, ಸರ್ವರ್ ‘ಯಾವ ಕೋಣೆ’ ಎಂದು ಕೇಳದೆ ಒಳಗೆ ಬಿಟ್ಟಿತ್ತು. ದಾರಿ ತಪ್ಪಿದವರನ್ನು ವಾಪಸ್ ಕಳಿಸಿ ಹೊಸದಾಗಿ ಬರಹೇಳುವಂತೆ ಅದಕ್ಕೆ ಹೇಳಿಕೊಟ್ಟ. ಪ್ರಾರ್ಥನೆ ಮುಗಿಯುವುದರೊಳಗೆ ಜೋವೆಲಿನ್‌ಗೆ ಅಮ್ಮ ಕಂಡರು. ಫೋನಿನಲ್ಲಿ ಅವಳು ಬಿಕ್ಕುವುದು ಕೇಳಿಸಿತು.

ಕ್ರಿಸಾಂತೊ ಉಸಿರು ಬಿಡುವಷ್ಟರಲ್ಲಿ ಮಾನಂಗ್ ಪುರಿಂಗ್ ಮೊಬೈಲ್ ಹಿಡಿದು ಬಂದಳು. ಮೂರನೇ ಕೋಣೆಯ ಚಿತ್ರದ ಕೆಳಗೆ ಬಂದ ಸಂತಾಪಗಳನ್ನೆಲ್ಲ ಅಣ್ಣನಿಗೆ ಗಟ್ಟಿಯಾಗಿ ಓದಿ ಹೇಳುತ್ತ ಕೂತಿದ್ದಳಂತೆ.

“ತೊತೊ, ಮಗಾ, ಈಗ ತಾನೇ ನಮ್ಮಣ್ಣನಿಗಾಗಿ ಅಷ್ಟು ಜನ ಅಳ್ತಿದ್ರಪ್ಪ. ಎಲ್ಲ ಎಲ್ಲಿ ಹೋದ್ರು?”

ಜನರನ್ನು ಓಡಿಸಿದವನೇ ಹೋಗಿ ಕೂರಲಿ ಎಂದು ಮೇಡಂ ಕ್ರಿಸಾಂತೊನ ಕಿವಿಯಲ್ಲಿ ಹೇಳಿದರು. ಅವನು ಮೂರನೇ ಕೋಣೆಯ ಖಾಲಿ ಕುರ್ಚಿಗಳ ನಡುವೆ ಹೋಗಿ ಕೂತ. ಮುದುಕಿ ಕಾಫಿ, ಬಿಸ್ಕತ್ತು ತಂದಿಟ್ಟು, ಹಡಗಿನಲ್ಲಿ ಅಣ್ಣನ ಜೊತೆಗಿದ್ದೆಯಾ ಎಂದು ಆಸೆಯಿಂದ ಕೇಳಿದಳು. ಹಡಗನ್ನೇ ಹತ್ತದ ಕ್ರಿಸಾಂತೊ ಹೌದೆಂದು ತಲೆಯಾಡಿಸಿದ.

ಮುದುಕಿ ಅವನ ಕೈ ಹಿಡಿದುಕೊಂಡಳು. “ದೇವರೇ ಕಳಿಸಿದ ನಿನ್ನ. ನಾಳೆ ಇಗರ್ಜಿಯಲ್ಲಿ ಅಣ್ಣನ ಬಗ್ಗೆ ಮಾತಾಡೋಕೆ ಯಾರೂ ಇಲ್ಲ ಅಂತಿದ್ದೆ. ನೀನೇ ಆಡು ತೊತೊ. ಚಿಕ್ಕಂದಿನಿಂದ ಶುರು ಮಾಡು.”