ಅತ್ತೆಯ ಎಡಗೈ ಮತ್ತು ಮೂರನೇ ತೊಟ್ಟಿಯ ಮೀನು

ಕೆಲವರು ತಮ್ಮ ಉದ್ಯೋಗ ಹೇಳಿದ ಕೂಡಲೇ ಎದುರಿಗಿದ್ದವರು ಕುರ್ಚಿ ಎಳೆದು ಕೊಡುತ್ತಾರೆ. ನಾನು ಹೇಳಿದರೆ, "ಕೇಜಿ ಎಷ್ಟಮ್ಮ?" ಎನ್ನುತ್ತಾರೆ. ಚಿಕ್ಕಬಳ್ಳಾಪುರದ ಹತ್ತಿರ ಒಂದು ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ಜೀಬ್ರಾ ಮೀನುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಿರುಬೆರಳಿನಷ್ಟೂ ಇಲ್ಲದ ಮೀನು, ಮೈಮೇಲೆ ನೀಲಿ ಗೆರೆ. ಸಾರಿಗೆ ಹಾಕಿದರೆ ಸೌಟಿನಲ್ಲಿ ಹುಡುಕಬೇಕು. ಮೊದಮೊದಲು ನನಗೂ ಅವುಗಳ ಮೇಲೆ ಅಷ್ಟೇನೂ ಮರ್ಯಾದೆ ಇರಲಿಲ್ಲ. ಒಂದು ದಿನ ಸಂಶೋಧನೆ ಮಾಡುವ ಶಬಾನಾ ಮೇಡಂ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, "ನೋಡಿ ಅಕ್ಕ" ಎಂದರು. ಮೂರೇ ದಿನದ ಮರಿ, ಮೈಯೆಲ್ಲ ಗಾಜು. ಒಳಗೆ ಗುಂಡಿಗೆ ಬಡಿಯುತ್ತಿತ್ತು. ರಕ್ತದ ಕಣಗಳು ಒಂದರ ಹಿಂದೊಂದು ತಲೆಯ ಕಡೆಗೆ ಓಡುತ್ತಿದ್ದವು. ನಲವತ್ತು ವರ್ಷದಿಂದ ನನ್ನೊಳಗೂ ಇದೇ ನಡೆಯುತ್ತಿದೆ, ನನಗೆ ಸುದ್ದಿಯೇ ಇಲ್ಲ.

ಆ ದಿನಗಳಲ್ಲೇ ಮೇಲೂರಿನ ನಮ್ಮ ಮನೆಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಎಡಗೈ ಬಿದ್ದುಹೋಯಿತು. ದಿನಾ ಬೆರಳು ಮಡಿಚಿ ಬಿಚ್ಚದಿದ್ದರೆ ಕೈ ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಅತ್ತೆ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹೋಗಿದ್ದು ಹೋಯ್ತು ಬಿಡೇ" ಎಂದು ಗೋಡೆ ನೋಡುತ್ತಾ ಕೂತರು. ನಾಲಿಗೆಗೆ ಏನೂ ಆಗಿರಲಿಲ್ಲ, ಆದರೂ ನನ್ನನ್ನು ಬೈಯುವುದನ್ನೇ ಬಿಟ್ಟರು. ನನಗೆ ನಿಜವಾಗಿ ಭಯವಾಗಿದ್ದು ಆವಾಗ. ಬೈಯುವ ಅತ್ತೆಯ ಜೊತೆ ಹದಿನೆಂಟು ವರ್ಷ ಬಾಳಿದ್ದೇನೆ, ಸುಮ್ಮನಿರುವ ಅತ್ತೆ ನನಗೆ ಹೊಸಬರು.

ಮಾತಿಗೆ ಎಳೆಯೋಣವೆಂದು ಲ್ಯಾಬಿನ ಸುದ್ದಿ ತೆಗೆದೆ. ಔಷಧ ಪರೀಕ್ಷೆಗೆಂದು ಮೇಡಂ ಮೀನಿಗೆ ಮಂಪರು ಬರಿಸಿ, ಮಿದುಳಿನ ಒಂದು ಕಡೆ ರಕ್ತ ಹೆಪ್ಪುಗಟ್ಟಿಸಿದ್ದರು. ಮೂರನೇ ತೊಟ್ಟಿಯ ಮೀನು ಒಂದೇ ಕಡೆಗೆ ವಾಲಿಕೊಂಡು ಸುತ್ತುತ್ತಿತ್ತು. "ಅದಕ್ಕೂ ನಿಮ್ಮಂಗೇ ಲಕ್ವ, ಅತ್ತೆ" ಎಂದೆ.

"ಪೋವೇ." ಸಿಟ್ಟು ಬಂದರೆ ಅತ್ತೆಯ ಬಾಯಲ್ಲಿ ಮೊದಲು ತೆಲುಗು. "ಮೀನಿಗೇನು ಕಷ್ಟ ಬಂದಿತ್ತು ಲಕ್ವ ಹೊಡೆಯೋಕೆ? ಸೊಸೆ ಇದ್ದಳಾ?"

ನನಗೆ ಹೋದ ಜೀವ ಬಂದಂತಾಯಿತು. "ಆ ಮೀನು ಕೆಟ್ಟ ಮಿದುಳನ್ನ ತಾನೇ ಹೊಸದಾಗಿ ಬೆಳೆಸ್ಕೊಳ್ತದಂತೆ. ನಮಗೆ ಆ ವಿದ್ಯೆ ಬರಲ್ಲ, ಅದಕ್ಕೇ ಔಷಧ ಹುಡುಕ್ತಾವ್ರೆ" ಎಂದೆ. ಮರುದಿನ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, "ಎದ್ದಿತಾ ನಿನ್ನ ಮೀನು?" ಎಂದರು ಅತ್ತೆ. ಸ್ವಲ್ಪ ನೆಟ್ಟಗೆ ಈಜಿತು ಎಂದರೆ ಹತ್ತು ಸಲ ಬೆರಳು ಮಡಿಚುವರು. ಮೀನಿಗೆ ಸೋಲುವ ಹೆಂಗಸಲ್ಲ ಅವರು.

ಎಂಟನೇ ದಿನ ತೊಟ್ಟಿ ಖಾಲಿಯಿತ್ತು. ಔಷಧ ಮಿದುಳಿಗೆ ಏನು ಮಾಡಿತೆಂದು ತಿಳಿಯಬೇಕಾದರೆ ಮಿದುಳನ್ನೇ ತೆಗೆದು ನೋಡಬೇಕು. ಮೊದಲೇ ಗೊತ್ತಿದ್ದರೂ ಆವತ್ತು ಖಾಲಿ ತೊಟ್ಟಿಯನ್ನು ಎರಡು ಸಲ ತೊಳೆದೆ. ಮನೆಗೆ ಬಂದು, "ಚೆನ್ನಾಗಿ ಈಜ್ತಿದೆ ಅತ್ತೆ" ಎಂದೆ. ಆಮೇಲೆ ಸುಳ್ಳು ಮೈ ತುಂಬಿಕೊಂಡಿತು. ಮೀನು ಎರಡು ಹೊತ್ತು ಉಂಡಿತು, ಜೊತೆಯ ಮೀನುಗಳನ್ನು ಅಟ್ಟಾಡಿಸಿತು. ಲ್ಯಾಬಿಗೆ ಹೋಗದ ಭಾನುವಾರವೂ ನಾನು ವರದಿ ಕೊಟ್ಟೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಅತ್ತೆ ಎಡಗೈಯಲ್ಲಿ ಕಾಫಿ ಲೋಟ ಎತ್ತಿದರು. ಕೈ ನಡುಗಿ ಅರ್ಧ ಕಾಫಿ ಸೀರೆಯ ಮೇಲೆ ಚೆಲ್ಲಿತು, ಉಳಿದರ್ಧ ಬಾಯಿಗೆ ಮುಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ; ಅಳುವಿನ ಜೊತೆಗೆ ಮೀನಿನ ಸತ್ಯವೂ ಹೊರಬಂತು.

"ಗೊತ್ತು ಕಣೇ" ಎಂದರು ಅತ್ತೆ. "ಮದುವೆಯಾಗಿ ಬಂದಾಗಿಂದ ರೇಷ್ಮೆ ಹುಳ ಸಾಕಿದೀನಿ. ಕೂಸಿನಂಗೆ ನೋಡ್ಕೊಂಡು, ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬಂದಿದೀನಿ. ಅಲ್ಲಿಂದ ಬಿಸಿನೀರಿಗೆ. ಸಾಕಿದ್ದರ ಗತಿ ನೀನು ನಂಗೆ ಹೇಳ್ಬೇಕಾ?"

"ಮತ್ತೆ ದಿನಾ ಕೇಳ್ತಿದ್ರಲ್ಲ?"

"ಪಾಪ, ನೀನು ಬಸ್ಸಲ್ಲಿ ಕೂತು ಅಷ್ಟುದ್ದ ಸುಳ್ಳು ಕಟ್ಕೊಂಡು ಬರ್ತಿದ್ದೆ. ಇವಳಿಗೋಸ್ಕರ ಆದ್ರೂ ಕೈ ಎತ್ತಾಣ ಅಂತ ಎತ್ತಿದೆ."

ಅತ್ತೆಯನ್ನು ನಾನೊಬ್ಬಳೇ ಎಬ್ಬಿಸುತ್ತಿದ್ದೇನೆಂದು ಅದೇ ಬಸ್ಸಿನಲ್ಲಿ ದಿನವೂ ಬೀಗುತ್ತಾ ಬರುತ್ತಿದ್ದವಳು ನಾನು.